ಕಡೇ ಬಸ್ಸಿನ ಬಾಟ್ಲಿ: ಮಗುವಿಗೆ ಡ್ರಿಪ್ ಬೇಕಾ ಬೇಡ್ವಾ ಅಂತ ನೋಡುವುದು ಹೇಗೆ

ಮಳೆಗಾಲದ ಸಂಜೆ ನಾಲ್ಕೂವರೆ ದಾಟಿದರೆ ನಮ್ಮ ಕ್ಲಿನಿಕ್‌ನಲ್ಲಿ ಒಂದು ಮಾತು ಶುರುವಾಗುತ್ತದೆ. "ಸಿಸ್ಟರ್, ಕೂಸಿಗೆ ಒಂದು ಬಾಟ್ಲಿ ಹಾಕಿ ಕಳ್ಸಿ. ಐದೂಮುಕ್ಕಾಲಿನ ಬಸ್ಸು ತಪ್ಪಿದ್ರೆ ಮತ್ತೆ ಬಸ್ಸಿಲ್ಲ ನಮ್ಗೆ."

ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸ್ಸಿಳಿದ ಮೇಲೆ ಮನೆಗೆ ಇನ್ನೂ ಎರಡು ಕಿಲೋಮೀಟರ್ ತೋಟದ ದಾರಿ. ಕರೆಂಟ್ ಹೋಗಿ ಮೂರು ದಿನ ಆಗಿರುತ್ತದೆ. ಫೋನ್ ಮಾಡಬೇಕಾದರೆ ಗುಡ್ಡ ಹತ್ತಬೇಕು. ರಾತ್ರಿ ಮಗುವಿಗೆ ಏನಾದರೂ ಆದರೆ ಏನು ಗತಿ? ಆ ಹೆದರಿಕೆಗೆ ಜನ ಕಂಡುಕೊಂಡಿರುವ ಮದ್ದು ಗ್ಲೂಕೋಸ್ ಬಾಟ್ಲಿ. ಹದಿನಾರು ವರ್ಷ ಮಕ್ಕಳ ಪುಟ್ಟ ಕೈಗಳಲ್ಲಿ ನರ ಹುಡುಕಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ನಾನು ಹಾಕಿದ ಬಾಟ್ಲಿಗಳಲ್ಲಿ ಸುಮಾರಷ್ಟು ಮಗುವಿನ ಮೈಗೆ ಹಾಕಿದ್ದಲ್ಲ, ಕಡೇ ಬಸ್ಸಿಗೆ ಹಾಕಿದ್ದು.

ಹಾಗಂತ ಡ್ರಿಪ್ಪೇ ಕೆಟ್ಟದ್ದು ಅಂತ ತಿಳಿಯಬೇಡಿ. ಬೇಕಾದ ಮಗುವಿಗೆ ಅದು ಜೀವ ಉಳಿಸುತ್ತದೆ. ಯಾವ ಮಗುವಿಗೆ ಬೇಕು, ಯಾವ ಮಗುವಿಗೆ ಚಮಚ ಸಾಕು ಅಂತ ಮನೆಯಲ್ಲೇ ಒಂದಿಷ್ಟು ಅಂದಾಜು ಮಾಡಲು ಬಂದರೆ ಆ ರಾತ್ರಿಯ ಹೆದರಿಕೆ ಅರ್ಧ ಇಳಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಬಾಟ್ಲಿಯೊಳಗೆ ಏನಿದೆ ಅಂತ ತಿಳಿದುಕೊಳ್ಳಿ

"ಗ್ಲೂಕೋಸ್ ಏರಿಸಿದ್ರೆ ಶಕ್ತಿ ಬರುತ್ತೆ" ಅನ್ನುವುದು ಎಲ್ಲರ ನಂಬಿಕೆ. ಒಂದು ಸಣ್ಣ ಲೆಕ್ಕ ಮಾಡೋಣ. ಸಾಮಾನ್ಯವಾಗಿ ಹಾಕುವ ಗ್ಲೂಕೋಸ್ ಬಾಟ್ಲಿ 5 ಪರ್ಸೆಂಟಿನದು. ಅಂದರೆ 500 ಎಂಎಲ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಸಕ್ಕರೆಯ ಲೆಕ್ಕದಲ್ಲಿ ಐದಾರು ಟೀ ಚಮಚ. ಇಡೀ ಬಾಟ್ಲಿ ಹೋದರೂ ಸಿಗುವ ಶಕ್ತಿ ಹೆಚ್ಚೆಂದರೆ 100 ಕ್ಯಾಲೊರಿ. ಒಂದು ಹಿಡಿ ಅಕ್ಕಿಯ ಗಂಜಿಯಲ್ಲಿ ಅಷ್ಟು ಇದೆ, ಸ್ವಲ್ಪ ಜಾಸ್ತಿಯೇ ಇದೆ. ಮಗುವಿಗೆ ಪೂರ್ತಿ ಬಾಟ್ಲಿ ಹೋಗುವುದೂ ಕಡಿಮೆ. ಅರ್ಧಕ್ಕೇ ಬಸ್ಸಿನ ಹೊತ್ತಾಗುತ್ತದೆ.

ಕೆಲವು ಕಡೆ ಅದಕ್ಕೆ ವಿಟಮಿನ್ ಇಂಜೆಕ್ಷನ್ ಸೇರಿಸುತ್ತಾರೆ. ಬಾಟ್ಲಿ ಹಳದಿ ಬಣ್ಣಕ್ಕೆ ತಿರುಗಿದ ಕೂಡಲೇ ಅಜ್ಜಿಯ ಮುಖದಲ್ಲಿ ಸಮಾಧಾನ ಕಾಣುತ್ತದೆ. ಬಣ್ಣದ ಮಹಿಮೆ, ಮಾರಾಯ್ರೆ!

ಹಾಗಾದರೆ ಡ್ರಿಪ್ ಹಾಕಿದ ಮೇಲೆ ಮಗು ಗೆಲುವಾಗುತ್ತದಲ್ಲ, ಅದು ಹೇಗೆ? ಸಾಮಾನ್ಯ ವೈರಲ್ ಜ್ವರ ಮೂರರಿಂದ ಐದು ದಿನದಲ್ಲಿ ತಾನಾಗಿ ಇಳಿಯುತ್ತದೆ. ನೀವು ಮೂರನೇ ದಿನಕ್ಕೆ ತಾಳ್ಮೆ ಕಳೆದುಕೊಂಡು ಬರುತ್ತೀರಿ, ನಾವು ಬಾಟ್ಲಿ ಹಾಕುತ್ತೇವೆ, ನಾಲ್ಕನೇ ದಿನ ಜ್ವರ ಬಿಡುತ್ತದೆ. ಹೆಸರು ಬಾಟ್ಲಿಗೆ ಬರುತ್ತದೆ. ಜೊತೆಗೆ ಜ್ವರದ ಔಷಧಿಯೂ ಕೊಟ್ಟಿರುತ್ತಾರೆ, ಮಗು ಎರಡು ಗಂಟೆ ಮಲಗಿಯೂ ಇರುತ್ತದೆ. ಡ್ರಿಪ್ಪಿಗೆ ಜ್ವರ ಇಳಿಸುವ ಗುಣ ಇಲ್ಲ. ನೆಗಡಿ, ಕೆಮ್ಮು, ಊಟ ಸೇರದಿರುವುದು ಇವಕ್ಕೂ ಅದು ಮದ್ದಲ್ಲ.

ತೊಂದರೆಯ ಕಡೆಯನ್ನೂ ನೋಡಿ. ಚುಚ್ಚಿದ ಜಾಗ ಊದಿಕೊಳ್ಳಬಹುದು, ನರ ಕೆಂಪಾಗಿ ನೋಯಬಹುದು, ಸೋಂಕು ಆಗಬಹುದು. ಬರೀ ಗ್ಲೂಕೋಸ್ ನೀರು ಜಾಸ್ತಿ ಹೋದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ತೀರಾ ಇಳಿದರೆ ಫಿಟ್ಸ್ ಬರುತ್ತದೆ. ಭೇದಿಯಾದ ಮಗು ಕಳೆದುಕೊಂಡಿರುವುದು ನೀರು ಮತ್ತು ಉಪ್ಪು ಎರಡನ್ನೂ. ಅದಕ್ಕೆ ಬರೀ ಗ್ಲೂಕೋಸ್ ನೀರು ಸರಿಯಾದ ಉತ್ತರ ಅಲ್ಲವೇ ಅಲ್ಲ.

ನನ್ನ ಮಗಳಿಗೆ ಎರಡೂವರೆ ವರ್ಷ ಇದ್ದಾಗ ನಾನೂ ಇದೇ ತಪ್ಪು ಮಾಡಿದ್ದೆ. ವಾಂತಿ ಶುರುವಾಗಿ ಆರು ಗಂಟೆಯೂ ಆಗಿರಲಿಲ್ಲ. ಒಂದು ಆಸ್ಪತ್ರೆಗೆ ಹೋಗಿ ನಾನೇ ಹೇಳಿ ಡ್ರಿಪ್ ಹಾಕಿಸಿದೆ. ನಾಲ್ಕು ಸಲ ಚುಚ್ಚಿದ ಮೇಲೆ ನರ ಸಿಕ್ಕಿತು. ಅರ್ಧ ಗಂಟೆಯಲ್ಲಿ ಅದೂ ಔಟ್ ಆಗಿ ಕೈ ಬನ್ನಿನ ಹಾಗೆ ಊದಿತು. ನೀರಿಗೆ ಕದಡಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ, ಅದೇ ಓಆರ್‌ಎಸ್ ಪ್ಯಾಕೆಟ್, ಅಷ್ಟು ಹೊತ್ತೂ ನನ್ನ ಬ್ಯಾಗಿನಲ್ಲೇ ಇತ್ತು. ನರ್ಸ್ ಆದವಳಿಗೇ ಹೀಗಾದರೆ ತೋಟದ ಮನೆಯ ತಾಯಿಯನ್ನು ಏನಂತ ಬೈಯಲಿ?

ಮಗುವನ್ನು ಬೆಳಕಿಗೆ ತಂದು ನೋಡಿ

ವಾಂತಿ ಭೇದಿ ಎಷ್ಟು ಸಲ ಆಯಿತು ಅನ್ನುವುದಕ್ಕಿಂತ ಮಗು ಹೇಗಿದೆ ಅನ್ನುವುದು ಮುಖ್ಯ. ಹತ್ತು ಸಲ ಭೇದಿಯಾಗಿಯೂ ಆಡಿಕೊಂಡಿರುವ ಮಗು ಇರುತ್ತದೆ. ನಾಲ್ಕೇ ಸಲಕ್ಕೆ ಕುಸಿದ ಮಗುವೂ ಇರುತ್ತದೆ.

ಕಣ್ಣು ನೋಡಿ, ಗುಳಿ ಬಿದ್ದಿದೆಯಾ? ನಿಮಗೆ ಗೊತ್ತಾಗದಿದ್ದರೆ ಅಜ್ಜಿಯನ್ನು ಕೇಳಿ, ದಿನಾ ನೋಡುವವರಿಗೆ ಬೇಗ ತಿಳಿಯುತ್ತದೆ. ಹೊಟ್ಟೆಯ ಮೇಲೆ, ಹೊಕ್ಕುಳಿನ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡಿ. ತಕ್ಷಣ ಸರಿಯಾದರೆ ಒಳ್ಳೆಯದು. ನಿಧಾನಕ್ಕೆ ಇಳಿದರೆ ನೀರು ಕಡಿಮೆಯಾಗಿದೆ. ಎರಡು ಸೆಕೆಂಡಿಗೂ ಜಾಸ್ತಿ ಹೊತ್ತು ಮಡಿಕೆಯಾಗಿ ನಿಂತರೆ ತಡ ಮಾಡಬೇಡಿ. ಆಮೇಲೆ ಒಂದು ಚಮಚ ನೀರು ತೋರಿಸಿ. ಎಂದಿನಂತೆ ಕುಡಿದರೆ ಚಿಂತೆ ಇಲ್ಲ. ಲೋಟ ಕಸಿದುಕೊಂಡು ಕುಡಿದರೆ ಬಾಯಾರಿದೆ, ನೀರು ಕಡಿಮೆಯಾಗಿದೆ. ಕುಡಿಯಲು ಆಗದೇ ಇದ್ದರೆ, ಕಣ್ಣು ಬಿಡದೆ ಜೋತು ಬಿದ್ದಿದ್ದರೆ, ಅದು ಡ್ರಿಪ್ ಬೇಕಾದ ಮಗು.

ಉಚ್ಚೆ ಯಾವಾಗ ಹೊಯ್ದಿತು ಅಂತ ನೆನಪಿಟ್ಟುಕೊಳ್ಳಿ. ಡಯಾಪರ್ ಹಾಕುವವರು ಆ ದಿನ ಬಟ್ಟೆ ಕಟ್ಟಿ, ಆಗ ಸರಿಯಾಗಿ ಗೊತ್ತಾಗುತ್ತದೆ.

ಇನ್ನು ಚಮಚದ ಕೆಲಸ

1971ರಲ್ಲಿ ಬಾಂಗ್ಲಾ ಯುದ್ಧದ ಸಮಯ. ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಡ್ರಿಪ್ ಬಾಟ್ಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಲನಬಿಸ್ ಬೇರೆ ದಾರಿ ಕಾಣದೆ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ಸುಮಾರು ನೂರಕ್ಕೆ ಮೂವತ್ತರಷ್ಟು ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಡಾಕ್ಟರಲ್ಲ, ನರ್ಸಲ್ಲ, ಮನೆಯವರು ಕುಡಿಸಿದ್ದು ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. 2023ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಉಪ್ಪಿನ ಜೊತೆ ಗ್ಲೂಕೋಸ್ ಸರಿಯಾದ ಅಳತೆಯಲ್ಲಿದ್ದರೆ ಕರುಳು ಎರಡನ್ನೂ ಒಟ್ಟಿಗೆ ಹೀರುತ್ತದೆ, ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಭೇದಿ ಆಗುತ್ತಿರುವಾಗಲೂ ಈ ಬಾಗಿಲು ತೆರೆದೇ ಇರುತ್ತದೆ. ಓಆರ್‌ಎಸ್‌ನ ಗುಟ್ಟು ಇಷ್ಟೇ.

ಹಾಗಾಗಿ ಅಳತೆ ತಪ್ಪಬಾರದು. ದೊಡ್ಡ ಪ್ಯಾಕೆಟ್ 1 ಲೀಟರ್ ನೀರಿಗೆ, ಸಣ್ಣದು 200 ಎಂಎಲ್‌ಗೆ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ. ಪೂರ್ತಿ ಪ್ಯಾಕೆಟ್ಟನ್ನು ಒಂದೇ ಸಲ ಕದಡಿ. "ಸ್ವಲ್ಪ ಸ್ವಲ್ಪ ಪುಡಿ ಲೋಟಕ್ಕೆ ಹಾಕಿ ಕೊಟ್ಟೆ" ಅನ್ನುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಗಟ್ಟಿಯಾದರೆ ಉಪ್ಪು ಜಾಸ್ತಿಯಾಗಿ ಅಪಾಯ, ತೆಳುವಾದರೆ ಉಪಯೋಗ ಕಡಿಮೆ. ನೀರು ಕುದಿಸಿ ಆರಿಸಿದ್ದೇ ಆಗಬೇಕು. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಮಳೆಗಾಲದಲ್ಲಿ ಕುದಿಸಿಯೇ ಬಳಸಿ. ಪುಡಿ ಹಾಕಿದ ಮೇಲೆ ಮತ್ತೆ ಕುದಿಸಬೇಡಿ. ಹಾಲು, ಜ್ಯೂಸ್ ಬೆರೆಸಬೇಡಿ. 24 ಗಂಟೆ ಕಳೆದರೆ ಚೆಲ್ಲಿ, ಹೊಸದು ಮಾಡಿ.

ಅಂಗಡಿಯ ಟೆಟ್ರಾ ಪ್ಯಾಕ್ ಬಗ್ಗೆ ಒಂದು ಮಾತು. ಹೆಸರಿನಲ್ಲಿ ಓಆರ್‌ಎಸ್ ಅಂತ ಇದ್ದ ಎಷ್ಟೋ ಪ್ಯಾಕುಗಳು ನಿಜಕ್ಕೂ ಸಕ್ಕರೆ ಪಾನಕಗಳಾಗಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿತು. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪ್ಯಾಕೆಟ್ ನೋಡಿ ತೆಗೆದುಕೊಳ್ಳಿ. ಆಶಾ ಅಕ್ಕನ ಹತ್ತಿರ, ಸರ್ಕಾರಿ ಆಸ್ಪತ್ರೆಯಲ್ಲಿ ಸುಮ್ನೆ ಸಿಗುತ್ತದೆ. ಮಳೆ ಹಿಡಿಯುವ ಮೊದಲೇ ನಾಲ್ಕು ಪ್ಯಾಕೆಟ್ ತಂದು ಉಪ್ಪಿನ ಡಬ್ಬಿ ಪಕ್ಕ ಇಡಿ. ತೀರಾ ಇಲ್ಲದ ರಾತ್ರಿ 1 ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದಲ್ಲಿ, ತಲೆ ಸವರಿ ಅಳೆದದ್ದು. ಮೊದಲು ನೀವೇ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿ.

ಎಷ್ಟು ಕೊಡಬೇಕು? ಮಗು ಚೆನ್ನಾಗಿದ್ದು ಬರೀ ಭೇದಿ ಆಗುತ್ತಿದ್ದರೆ, ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಎಂಎಲ್. ನೀರು ಕಡಿಮೆಯಾದ ಲಕ್ಷಣ ಇದ್ದರೆ ಲೆಕ್ಕ ಬೇರೆ: ಒಂದು ಕಿಲೋ ತೂಕಕ್ಕೆ 75 ಎಂಎಲ್, ನಾಲ್ಕು ಗಂಟೆಯಲ್ಲಿ. ಇದನ್ನು ಆಸ್ಪತ್ರೆಯಲ್ಲಿ ಕೂತು, ನಮ್ಮ ಕಣ್ಣೆದುರೇ ಮಾಡಬೇಕು.

"ಕುಡಿಸಿದ್ದೆಲ್ಲ ವಾಂತಿ ಮಾಡ್ತಾನೆ ಸಿಸ್ಟರ್." ಈ ಮಾತಿಗೇ ಅರ್ಧ ಬಾಟ್ಲಿಗಳು ಏರುವುದು. ಹೇಗೆ ಕುಡಿಸಿದಿರಿ ಅಂತ ಕೇಳಿದರೆ, ಬಾಯಾರಿದ್ದ ಅಂತ ಒಂದು ಲೋಟ ಒಟ್ಟಿಗೇ ಕೊಟ್ಟಿರುತ್ತಾರೆ. ಕೆರಳಿದ ಹೊಟ್ಟೆ ಅಷ್ಟನ್ನು ಹಿಡಿದುಕೊಳ್ಳುವುದಿಲ್ಲ. ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ಮನಿರಿ. ಆಮೇಲೆ ಗಡಿಯಾರ ಮುಂದಿಟ್ಟುಕೊಂಡು ಎರಡು ನಿಮಿಷಕ್ಕೊಂದು ಟೀ ಚಮಚ. ಅಷ್ಟೇ. ಮಗು ಅತ್ತು ಕೇಳಿದರೂ ಜಾಸ್ತಿ ಬೇಡ. ಅರ್ಧ ಗಂಟೆ ನಿಂತರೆ ನಿಮಿಷಕ್ಕೊಂದು ಚಮಚ.

ಈ ಚಮಚವನ್ನು ಹಗುರವಾಗಿ ಕಾಣಬೇಡಿ. ಒಂದು ಚಮಚ 5 ಎಂಎಲ್. ನಿಮಿಷಕ್ಕೊಂದರಂತೆ ಗಂಟೆಗೆ 300 ಎಂಎಲ್. ಹನ್ನೆರಡು ಕಿಲೋ ಮಗುವಿಗೆ ನಾಲ್ಕು ಗಂಟೆಯಲ್ಲಿ ಬೇಕಾದದ್ದು 900 ಎಂಎಲ್, ಅಂದರೆ ಗಂಟೆಗೆ 225. ಚಮಚವೇ ಮುಂದಿದೆ ಅಲ್ವಾ? ನಡುವೆ ಒಂದೆರಡು ಸಲ ವಾಂತಿಯಾದರೂ ಲೆಕ್ಕ ತಪ್ಪುವುದಿಲ್ಲ. ಬಾಯಲ್ಲಿ ಕುಡಿಸುವುದನ್ನೂ ಡ್ರಿಪ್ಪನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಬಾಯಲ್ಲಿ ಕುಡಿಸಿದ 25 ಮಕ್ಕಳಲ್ಲಿ ಒಂದು ಮಗುವಿಗಷ್ಟೇ ಕುಡಿಸಿದ್ದು ಸಾಲದೆ ಡ್ರಿಪ್ ಬೇಕಾಯಿತು. ವಾಂತಿ ನಿಲ್ಲದಿದ್ದರೆ ಡಾಕ್ಟರು ತೂಕ ನೋಡಿ ಆಂಡಾನ್ಸೆಟ್ರಾನ್ ಒಂದು ಡೋಸ್ ಬಾಯಲ್ಲೇ ಕೊಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಮಚ ಶುರು ಮಾಡಬಹುದು. ಅಂಗಡಿಯಲ್ಲಿ ನೀವೇ ಕೇಳಿ ತರಬೇಡಿ. ಭೇದಿ ಕಟ್ಟುವ ದೊಡ್ಡವರ ಮಾತ್ರೆಯನ್ನಂತೂ ಮಕ್ಕಳಿಗೆ ಮುಟ್ಟಿಸಲೇಬೇಡಿ.

ಎದೆಹಾಲು ನಿಲ್ಲಿಸಬೇಡಿ. ಘನ ಆಹಾರ ಶುರುವಾದ ಮಕ್ಕಳಿಗೆ ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಅನ್ನ, ಬಾಳೆಹಣ್ಣು ಎಲ್ಲ ಕೊಡಬಹುದು. ಹೊಟ್ಟೆ ಖಾಲಿ ಬಿಟ್ಟರೆ ಸುಸ್ತು ಹೆಚ್ಚುತ್ತದೆ, ಆಮೇಲೆ ಆ ಸುಸ್ತಿಗೇ ಬಾಟ್ಲಿ ಕೇಳುತ್ತೀರಿ. ಜಿಂಕ್ ಮಾತ್ರೆ ಕೊಟ್ಟಿದ್ದರೆ ಭೇದಿ ನಿಂತರೂ 14 ದಿನ ಮುಗಿಸಿ.

ಜ್ವರದ ಲೆಕ್ಕ ಬೇರೆ

ಜ್ವರಕ್ಕೆ ಪ್ಯಾರಾಸಿಟಮಾಲ್ ತೂಕ ನೋಡಿ ಕೊಡಬೇಕು, ಸಾಮಾನ್ಯವಾಗಿ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಡ್ರಾಪ್ಸ್ ತುಂಬ ಗಟ್ಟಿ, ಸಿರಪ್ಪಿನ ಅಳತೆಯಲ್ಲಿ ಹಾಕಿದರೆ ಅಪಾಯ.

ನಮ್ಮ ಕಡೆ ಜ್ವರ ಅಂದರೆ ಎರಡು ಹೆಸರು ತಲೆಯಲ್ಲಿರಬೇಕು. ಒಂದು ಡೆಂಗ್ಯೂ. "ಪ್ಲೇಟ್ಲೆಟ್ ಕಡ್ಮೆಯಾಗಿದೆ, ಗ್ಲೂಕೋಸ್ ಹಾಕಿ" ಅನ್ನುತ್ತಾರೆ. ಗ್ಲೂಕೋಸಿನಿಂದ ಪ್ಲೇಟ್ಲೆಟ್ ಏರುವುದಿಲ್ಲ. ಡೆಂಗ್ಯೂನಲ್ಲಿ ನಿಜವಾದ ಅಪಾಯ ಜ್ವರ ಇಳಿಯುವ ಹೊತ್ತಿನಲ್ಲಿ, ಮೂರರಿಂದ ಏಳನೇ ದಿನದೊಳಗೆ. ರಕ್ತನಾಳದಿಂದ ನೀರಂಶ ಸೋರಿ ಹೊರಗೆ ಬರುವ ಸಮಯ ಅದು. ಆಗ ಅಂದಾಜಿಗೆ ಬಾಟ್ಲಿ ಏರಿಸಿದರೆ ಹೆಚ್ಚಾದ ನೀರು ಎದೆಯಲ್ಲಿ, ಹೊಟ್ಟೆಯಲ್ಲಿ ತುಂಬಿಕೊಳ್ಳಬಹುದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲೋ ಮೂಗಲ್ಲೋ ರಕ್ತ, ತಣ್ಣಗಾದ ಕೈಕಾಲು, ಮಂಕು: ಇವು ಕಂಡರೆ ಮಗುವನ್ನು ಆಸ್ಪತ್ರೆಗೆ ಸೇರಿಸಿ, ಗಂಟೆಗಂಟೆಗೆ ನೋಡಿ ಡ್ರಿಪ್ ಕೊಡಬೇಕು. ಒಂದು ಗಂಟೆ ಹಾಕಿ ಬಸ್ಸಿಗೆ ಕಳಿಸುವ ಕೆಲಸ ಅಲ್ಲ. ಈ ಲಕ್ಷಣ ಇಲ್ಲದವರಿಗೆ ಬಾಯಲ್ಲಿ ಕುಡಿಸುವುದೇ ಸರಿ. ಡೆಂಗ್ಯೂ ಅನುಮಾನ ಇದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ.

ಇನ್ನೊಂದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ಡಿಸೆಂಬರ್‌ನಿಂದ ಮೇ ತನಕ ಜ್ವರ ಬಂದರೆ, ಕಾಡಿಗೆ ಹೋಗಿದ್ದು, ಉಣುಗು (ಉಣ್ಣೆ) ಕಚ್ಚಿದ್ದು, ಹತ್ತಿರದಲ್ಲಿ ಮಂಗ ಸತ್ತಿದ್ದು, ಯಾವುದಿದ್ದರೂ ಡಾಕ್ಟರಿಗೆ ನೀವೇ ಮೊದಲು ಹೇಳಿ. ಬಾಟ್ಲಿ ಹಾಕಿಸಿಕೊಂಡು ಮನೆಗೆ ಹೋಗಿ ಮಂಗನ ಕಾಯಿಲೆಯ ಪರೀಕ್ಷೆ ತಪ್ಪಿಹೋದರೆ ನಷ್ಟ ದೊಡ್ಡದು.

ಕ್ಲಿನಿಕ್‌ನಲ್ಲಿ ಏನು ಮಾತಾಡಬೇಕು

ಬೆಳಿಗ್ಗೆಯೇ ಬನ್ನಿ. ಚಮಚಕ್ಕೆ ನಾಲ್ಕು ಗಂಟೆ ಬೇಕು, ಸಂಜೆ ನಾಲ್ಕೂವರೆಗೆ ಬಂದವರಿಗೆ ಅದು ಎಲ್ಲಿ ಉಳಿದಿದೆ? ಬಂದಾಗ "ಸುಸ್ತು" ಅನ್ನುವ ಬದಲು ಎಷ್ಟು ಸಲ ಭೇದಿ, ಎಷ್ಟು ಸಲ ವಾಂತಿ, ಕಡೆಯ ಉಚ್ಚೆ ಯಾವಾಗ, ಏನು ಕುಡಿಸಿದಿರಿ ಅಂತ ಹೇಳಿ. ಆಮೇಲೆ ಧೈರ್ಯವಾಗಿ ಕೇಳಿ: "ಡಾಕ್ಟ್ರೇ, ಬಾಯಲ್ಲೇ ಕುಡಿಸಿ ನೋಡ್ಬಹುದಾ? ನಾವು ಕೂತಿರ್ತೀವಿ." ಈ ಒಂದು ಮಾತು ಎಷ್ಟೋ ಡಾಕ್ಟರಿಗೂ ಬಿಡುಗಡೆ. ಜನ ಬಾಟ್ಲಿ ಬಯಸುತ್ತಾರೆ ಅಂತ ಅವರು ಹಾಕುತ್ತಾರೆ, ಡಾಕ್ಟರು ಹಾಕಿದರು ಅಂತ ಜನ ಮುಂದಿನ ಸಲ ಕೇಳುತ್ತಾರೆ. ಇನ್ನೊಂದು ಸತ್ಯವೂ ಇದೆ. ಬಾಟ್ಲಿಗೆ ಬಿಲ್ ಮಾಡಬಹುದು, ಚಮಚಕ್ಕೆ ಮಾಡಲು ಬರುವುದಿಲ್ಲ.

ಇದು ನಮ್ಮೂರಿನ ಚಾಳಿ ಮಾತ್ರ ಅಲ್ಲ. ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ 2016ರಲ್ಲಿ ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಡ್ರಿಪ್ ಹಾಕುವುದನ್ನೇ ನಿಲ್ಲಿಸಿದರು. ಮಕ್ಕಳ ಆಸ್ಪತ್ರೆಗಳನ್ನು ಮಾತ್ರ ಆಗ ಹೊರಗಿಟ್ಟರು. ಅಲ್ಲೂ ಕಷ್ಟ ಇದ್ದದ್ದು ಮಕ್ಕಳ ವಿಷಯದಲ್ಲೇ ಇರಬೇಕು ಅಂತ ನನ್ನ ಊಹೆ.

ನನ್ನಂಥ ಸಿಸ್ಟರುಗಳಿಗೂ ಒಂದು ಮಾತು: ಬಾಗಿಲ ಹತ್ತಿರ ಒಂದು ಬೆಂಚು, ಗಡಿಯಾರ, ಅಳತೆ ಲೋಟ, ನಾಲ್ಕು ಚಮಚ ಇಡಿ. ಮೊದಲ ಹತ್ತು ಚಮಚ ನೀವೇ ಕುಡಿಸಿ ತೋರಿಸಿ. ನಾವು ಶುರು ಮಾಡಿದಂದಿನಿಂದ ಬಾಟ್ಲಿ ಕೇಳುವವರು ಕಡಿಮೆಯಾಗಿದ್ದಾರೆ. ಒಬ್ಬ ತಾಯಿ ಚಮಚ ಹಿಡಿದು ಗೆದ್ದರೆ ಪಕ್ಕದವಳೂ ಹಿಡಿಯುತ್ತಾಳೆ.

ಡ್ರಿಪ್ ಬೇಕೇ ಬೇಕು ಅಂದಾಗ

ಮಗುವಿಗೆ ಎಚ್ಚರ ಇಲ್ಲ, ಕುಡಿಯಲು ಆಗುತ್ತಿಲ್ಲ, ಚಮಚದಲ್ಲಿ ಕೊಟ್ಟರೂ ಎಲ್ಲವನ್ನೂ ವಾಂತಿ ಮಾಡುತ್ತಿದೆ, ಫಿಟ್ಸ್ ಬಂದಿದೆ, ಮಲದಲ್ಲಿ ರಕ್ತ, ಹಸಿರು ವಾಂತಿ, ಹೊಟ್ಟೆ ಉಬ್ಬಿ ಗಟ್ಟಿಯಾಗಿದೆ, ಉಸಿರು ಮೇಲೆ ಕೆಳಗೆ ಆಗುತ್ತಿದೆ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ: ಇಲ್ಲಿ ಚಮಚ ಹಿಡಿದು ಕೂರಬೇಡಿ. 108ಕ್ಕೆ ಫೋನ್ ಮಾಡಿ. ತಾಲೂಕು ಆಸ್ಪತ್ರೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆದುಕೊಟ್ಟರೆ ವಾದ ಮಾಡದೆ ಹೊರಡಿ. ಬಾಟ್ಲಿ ಬೇಡ ಅಂತ ನಾನು ಬರೆದದ್ದನ್ನು ಅಲ್ಲಿ ಎತ್ತಿ ಹೇಳಿದರೆ ನನಗೇ ಸಿಟ್ಟು ಬರುತ್ತದೆ.

ಡ್ರಿಪ್ ಹಾಕಿದರೆ ಮೂರು ವಿಷಯ ಕೇಳಿಟ್ಟುಕೊಳ್ಳಿ: ಯಾವ ನೀರು, ಎಷ್ಟು ಎಂಎಲ್, ಎಷ್ಟು ಹೊತ್ತು. ಮಕ್ಕಳಿಗೆ ಮೈಕ್ರೊ ಡ್ರಿಪ್ ಸೆಟ್ ಬೇರೆಯೇ ಇರುತ್ತದೆ, ಅದರಲ್ಲಿ 60 ಹನಿಗೆ 1 ಎಂಎಲ್. ಬಸ್ಸಿಗೆ ಹೊತ್ತಾಯಿತು ಅಂತ ಹನಿಯ ಚಕ್ರವನ್ನು ನೀವೇ ತಿರುಗಿಸಬೇಡಿ. ಹಾಗೆ ಮಾಡಿದ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಚುಚ್ಚಿದ ಜಾಗ ಊದಿದರೆ, ಮಗು ನಡುಗಿದರೆ, ಏದುಸಿರು ಬಿಟ್ಟರೆ ಕೂಡಲೇ ನಮ್ಮನ್ನು ಕೂಗಿ.

ರಾತ್ರಿಯ ಚೀಟಿ

ಹೊರಡುವ ಮುಂಚೆ ಔಷಧಿ ಚೀಟಿಯ ಹಿಂದೆ ಬರೆಸಿಕೊಳ್ಳಿ: ಏನಾದರೆ ವಾಪಸ್ ಬರಬೇಕು, ಯಾರಿಗೆ ಫೋನ್ ಮಾಡಬೇಕು. ಕುಡಿಯುವುದು ನಿಲ್ಲಿಸಿದರೆ, ಎಬ್ಬಿಸಿದರೂ ಏಳದಿದ್ದರೆ, ಆರು ಗಂಟೆಯಿಂದ ಉಚ್ಚೆ ಇಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಜೀಪು ಇರುವ ಪಕ್ಕದ ಮನೆಯವರಿಗೆ ಸಂಜೆಯೇ ಒಂದು ಮಾತು ಹೇಳಿಡಿ, ಮಧ್ಯರಾತ್ರಿ ಬಾಗಿಲು ತಟ್ಟಲು ಸಂಕೋಚ ಇರುವುದಿಲ್ಲ. ಫೋನನ್ನು ನೆಟ್‌ವರ್ಕ್ ಸಿಗುವ ಕಿಟಕಿಯಲ್ಲಿಡಿ.

ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ಎದ್ದು ಮಗುವನ್ನು ನೋಡಿ, ನಾಲ್ಕು ಚಮಚ ಕುಡಿಸಿ. ಉಚ್ಚೆ ಹೊಯ್ದರೆ ಆ ಚೀಟಿಯ ಮೇಲೆ ಒಂದು ಗೆರೆ, ಭೇದಿಯಾದರೆ ಒಂದು ಚುಕ್ಕೆ. ಬೆಳಿಗ್ಗೆ ಅದನ್ನು ಬಿಸಾಡಬೇಡಿ. ಮೊದಲ ಬಸ್ಸಿಗೆ ಬರಬೇಕಾಗಿ ಬಂದರೆ ಡಾಕ್ಟರು ಮೊದಲು ಕೇಳುವುದು ಅದನ್ನೇ.